ಕೆಂಪು ಬಾವುಟಕ್ಕೆ ಬಂದ ಬಟ್ಟಲುಗಳು

ಹಾ ಸೆಖೆಲೆ ಎಂಬ ಬೆಟ್ಟದೂರಿನಲ್ಲಿ ಬಸ್ಸಿಳಿದ ಕೂಡಲೇ ಅತ್ತೆ ಬೈದದ್ದು ಆಕಾಶವನ್ನು.

"ಇಷ್ಟು ಕೆಳಗೆ ಬಂದು ಕೂತಿದೆಯಲ್ಲ, ನಾಚಿಕೆ ಆಗಲ್ವಾ ಇದಕ್ಕೆ? ತಲೆ ಎತ್ತಿದ್ರೆ ತಗಲುತ್ತೆ!"

"ಆಕಾಶ ಕೆಳಗೆ ಬಂದಿಲ್ಲಮ್ಮ, ನಾವು ಮೇಲೆ ಬಂದಿದ್ದೀವಿ," ಎಂದ ನನ್ನ ಗಂಡ ಮೊಲೆಫಿ, ಬಸ್ಸಿನ ತಲೆಯ ಮೇಲಿಂದ ಹಾಸಿಗೆ ಇಳಿಸುತ್ತಾ.

"ಇಷ್ಟು ಮೇಲೆ ಬರೋಕೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅಟ್ಟಿದ್ದರು.

ಕೆಳಗೆ, ಗಡಿಯ ಪಟ್ಟಣದ ಜೀನ್ಸ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ನಾನು ಬಲಗಡೆಯ ಹಿಂಜೇಬು ಹೊಲಿದವಳು. ಎಡಗಡೆಯದಲ್ಲ, ಬಲಗಡೆಯದು ಮಾತ್ರ. ನಾನು ಕಾಣದ ಎಷ್ಟೋ ದೇಶಗಳಲ್ಲಿ ಎಷ್ಟೋ ಜನ ಇವತ್ತಿಗೂ ನನ್ನ ಹೊಲಿಗೆಯ ಮೇಲೆ ಆರಾಮಾಗಿ ಕೂತಿರಬಹುದು. ನಮಗೆ ಮಾತ್ರ ಕೂರುವುದಕ್ಕೂ ಏಳುವುದಕ್ಕೂ ಅಪ್ಪಣೆ ಬೇಕಿತ್ತು. ಪಾಯಿಖಾನೆಗೆ ಬೀಗ ಜಡಿದು ಕೀಲಿಯನ್ನು ಮೇಲ್ವಿಚಾರಕ ಸೊಂಟಕ್ಕೆ ಕಟ್ಟಿಕೊಂಡ ದಿನ, ನಾವು ಹೆಂಗಸರು ಯಂತ್ರ ನಿಲ್ಲಿಸಿ ಎದ್ದೆವು. ಹದಿನಾರು ದಿನ ಗೇಟಿನ ಮುಂದೆ ನಿಂತೆವು. ಹದಿನೇಳನೆಯ ದಿನ ಬೀಗ ತೆಗೆದರು. ನಮ್ಮನ್ನೂ ತೆಗೆದರು. ಮುಷ್ಕರದಲ್ಲಿ ಮುಂದೆ ನಿಂತವರ ಹೆಸರುಗಳ ಪಟ್ಟಿ ಆ ಪಟ್ಟಣದ ಪ್ರತಿ ಕಾರ್ಖಾನೆಯ ಗೇಟಿಗೂ ಹೋಯಿತು. ಅದರಲ್ಲಿ ಮೊದಲನೆಯ ಹೆಸರು ನನ್ನದು: ಮಾಲಿನೆಯೋ, ಅಂದರೆ ಲಿನೆಯೋಳ ತಾಯಿ. ಮಗಳು ಹುಟ್ಟಿದಂದಿನಿಂದ ಊರಿಗೆಲ್ಲ ನಾನು ಹಾಗೇ.

ಮೊಲೆಫಿ ಕಲ್ಲುಕುಟಿಗ. ಹಾ ಸೆಖೆಲೆಯ ಶಾಲೆಗೆ ಎರಡು ಕೋಣೆ ಕಟ್ಟುವ ಕೆಲಸ ಅವನಿಗೆ ಸಿಕ್ಕಿತು. ಆ ಊರಿನಲ್ಲಿ ಹೊಲಿಯುವವರೇ ಇಲ್ಲ, ಹರಿದ ಅಂಗಿಯೂ ಬಸ್ಸು ಹತ್ತಿ ಕೆಳಗೆ ಬರುತ್ತದೆ ಎಂದು ಯಾರೋ ಹೇಳಿದರು. ಕೈಯಿಂದ ತಿರುಗಿಸುವ ಹಳೆಯ ಹೊಲಿಗೆ ಯಂತ್ರವೊಂದನ್ನು ಸಂಪಾದಿಸಿಕೊಂಡೆ. ಹೊರಟೆವು.

ನಮ್ಮಲ್ಲಿ ಒಂದೂರು ಬಿಟ್ಟು ಇನ್ನೊಂದೂರಲ್ಲಿ ನೆಲೆ ನಿಲ್ಲಬೇಕಾದರೆ ಹಳೆಯ ಊರಿನ ಮೊರೇನಾ, ಅಂದರೆ ಊರೊಡೆಯ, ಹೊಸ ಊರಿನ ಮೊರೇನಾಗೆ ಪತ್ರ ಬರೆದುಕೊಡಬೇಕು. ಅದನ್ನು ಓದಿ ಹೊಸ ಊರು ಒಪ್ಪಿದರೆ ಮನೆಗೆ ಜಾಗ. ಒಪ್ಪದಿದ್ದರೆ ಬಂದ ದಾರಿ. ನಮ್ಮ ಹಳೆಯ ಮೊರೇನಾ ಕಾರ್ಖಾನೆಯವರಿಗೆ ಬಾಡಿಗೆಯ ಸಾಲುಮನೆ ಕಟ್ಟಿಸಿ ದಪ್ಪಗಾದವನು. ಅವನು ಬರೆದದ್ದನ್ನು ಗುಮಾಸ್ತ ಹಲ್ಲು ಕಿರಿಯುತ್ತಾ ಓದಿ ಹೇಳಿ, ನನ್ನ ಕಣ್ಣೆದುರಿಗೇ ಲಕೋಟೆಗೆ ಅಂಟು ಹಚ್ಚಿದ: 'ಈ ಹೆಂಗಸು ಜನರನ್ನು ಗುಂಪು ಸೇರಿಸುತ್ತಾಳೆ. ಎಚ್ಚರಿಕೆ.'

ಆ ಪತ್ರ ಎದೆಯ ಬಳಿ, ನನ್ನ ಅಂಗಿಯೊಳಗಿತ್ತು. ಕೆಳಗಿನ ನಮ್ಮ ಕೋಣೆಗೆ ಆಗಲೇ ಬೇರೆಯವರು ಬಂದಾಗಿತ್ತು. ಹಿಂದಕ್ಕೆ ಹೋಗಲು ದಾರಿಯಿತ್ತು, ಜಾಗವಿರಲಿಲ್ಲ.

ಹಾ ಸೆಖೆಲೆಯ ಮೊರೇನಾ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಊರು ನೋಡಿಕೊಳ್ಳುತ್ತಿದ್ದ ಮಾಖಾಬಾನೆ. ನಾವು ಹೋದಾಗ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಕರುವಿನ ಕೊಟ್ಟಿಗೆಯಿಂದ ಸಗಣಿ ಎಳೆಯುತ್ತಿದ್ದರು. ಕೈ ಒರೆಸಿಕೊಂಡು ಪತ್ರ ತೆಗೆದುಕೊಂಡರು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದನ್ನ ನಾನೊಬ್ಳೇ ಒಡೆಯೋದಿಲ್ಲಮ್ಮ. ಜನದ ಮುಂದೆ ಒಡೀತೀನಿ. ಶನಿವಾರ ಸಭೆ. ಅಲ್ಲೀವರೆಗೂ ಫಾಲಾಂಗ್ ಅವರ ಮಗನ ಮನೆ ಖಾಲಿ ಇದೆ, ಇರಿ." ಪತ್ರ ಅವರ ಕಂಬಳಿಯ ಒಳಮಡಿಕೆಗೆ ಹೋಯಿತು.

ಆ ದಿನ ಸೋಮವಾರ.

"ಶನಿವಾರದವರೆಗೆ ಬಾಯಿಗೊಂದು ಹೊಲಿಗೆ ಹಾಕ್ಕೋ," ಎಂದ ಮೊಲೆಫಿ, ದಾರಿಯಲ್ಲಿ. "ಮುಷ್ಕರ ಗಿಷ್ಕರ ಅನ್ಬೇಡ. ಐದು ದಿನ. ಜನ ಮೊದಲು ನಿನ್ನ ಮುಖ ನೋಡಿ ಇಷ್ಟಪಡಲಿ, ಆಮೇಲೆ ಪತ್ರ ಓದಲಿ."

"ನಂಗೆ ಜೇಬಿನ ಹೊಲಿಗೆ ಮಾತ್ರ ಬರೋದು."

"ಅದನ್ನೇ ಹಾಕು. ನಿನ್ನ ಬಾಯೇನು ಜೇಬಿಗಿಂತ ಚಿಕ್ಕದಾ?"

ಸಿಟ್ಟು ಬಂತು, ನಗುವೂ ಬಂತು. ಬಾಯಿ ಮುಚ್ಚಿಕೊಂಡೆ. ಮುಷ್ಕರದ ಕೆಂಪು ಬಾವುಟ ಟ್ರಂಕಿನ ತಳದಲ್ಲಿ, ಅತ್ತೆಯ ಚಳಿಗಾಲದ ಕಂಬಳಿಯ ಕೆಳಗೆ ಮಲಗಿತು. ಒಂದು ಹಾಸಿಗೆಯಷ್ಟು ಅಗಲದ ಬಟ್ಟೆ. ಅದರ ಮೇಲೆ ನಾನೇ ಬಿಳಿ ದಾರದಲ್ಲಿ ನಮ್ಮ ಮಾತಿನಲ್ಲಿ ಹೊಲಿದಿದ್ದೆ: ನಾವು ಸೂಜಿಗಳಲ್ಲ.

ಬಾಯಿ ಮುಚ್ಚಿಕೊಂಡರೂ ಆ ನಾಲ್ಕು ದಿನ ನಾನು ತುಂಬ ಖುಷಿಯಾಗಿದ್ದೆನೆಂದು ಒಪ್ಪಿಕೊಳ್ಳಲೇಬೇಕು. ಫಾಲಾಂಗರ ಮಗ ಗಡಿಯಾಚೆಯ ಗಣಿಗೆ ಹೋಗಿದ್ದ. ಅವನ ದುಂಡು ಮನೆಯ ಬಾಗಿಲು ತೆಗೆದರೆ ಬೆಟ್ಟ. ಬೆಟ್ಟದ ಹಿಂದೆ ಬೆಟ್ಟ, ಅದರ ನೆರಳಿನಲ್ಲಿ ಕರಗದ ಹಿಮ. ಬೆಳಿಗ್ಗೆ ಕಾರ್ಖಾನೆಯ ಸೈರನ್ನಿಗೆ ಬದಲು ಎಳೆಯ ಕುರಿಮರಿಗಳ ಕೂಗು. ಲಿನೆಯೋಗೆ ಹತ್ತು ವರ್ಷ. ಮೊದಲ ದಿನವೇ ಮೂವರು ಗೆಳತಿಯರನ್ನು ಮಾಡಿಕೊಂಡು ಬಂದಳು. ಮಂಗಳವಾರ ಒಬ್ಬಾಕೆ ಮಗಳ ಶಾಲೆಯ ಲಂಗಕ್ಕೆ ಬಟ್ಟೆ ತಂದುಕೊಟ್ಟಳು. ಯಂತ್ರದ ಮುಂದೆ ಕೂತ ಮೇಲೆ ಗೊತ್ತಾಯಿತು: ಒಂಬತ್ತು ವರ್ಷ ಹೊಲಿದರೂ ಒಂದು ಇಡೀ ಉಡುಪನ್ನು ನಾನು ಎಂದೂ ಹೊಲಿದಿಲ್ಲ! ಸೊಂಟದ ಪಟ್ಟಿ ಹೇಗೆ ಕೂರಿಸಬೇಕೆಂದು ತಿಳಿಯದೆ ಅತ್ತೆಯ ಲಂಗವನ್ನು ಅವಳ ಮೈಮೇಲಿಂದ ಕಳಚಿಸಿ, ಒಳಗೆ ಹೊರಗೆ ಮಾಡಿ ನೋಡಿದೆ.

"ನನ್ನ ಮಾನ ತೆಗೆದು ಊರವರ ಮಾನ ಮುಚ್ಚು," ಎಂದಳು ಅತ್ತೆ, ಕಂಬಳಿ ಸುತ್ತಿಕೊಂಡು.

ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ಲಂಗ ಲಂಗವಾಯಿತು. ಅದನ್ನು ಎತ್ತಿ ಹಿಡಿದು ನೋಡಿದೆ. ನನ್ನ ಕೈಯಲ್ಲಿ ಶುರುವಾಗಿ ನನ್ನ ಕೈಯಲ್ಲೇ ಮುಗಿದದ್ದು. ಅದೊಂದು ಸುಖವನ್ನೂ ಆ ಕಾರ್ಖಾನೆ ನನ್ನಿಂದ ಕಿತ್ತುಕೊಂಡಿತ್ತು ಎಂದು ತಿಳಿದದ್ದೇ ಆವತ್ತು.

ಅತ್ತೆಗೂ ಫಾಲಾಂಗರಿಗೂ ಮೊದಲ ದಿನದಿಂದಲೇ ಜಟಾಪಟಿ. ಅವರು ಪಕ್ಕದ ಮನೆಯ ಹಳೆಯ ಗಣಿಗಾರ, ಕಿವಿ ಸ್ವಲ್ಪ ಮಂದ. ನಮ್ಮಲ್ಲಿ ಗೌರವಕ್ಕೆ ಗಂಡಸರನ್ನು ನ್ತಾತೆ, ಹೆಂಗಸರನ್ನು ಮ್ಮೇ ಎಂದು ಕರೆಯುತ್ತೇವೆ.

"ನ್ತಾತೆ ಫಾಲಾಂಗ್, ನಿಮ್ಮೂರಲ್ಲಿ ಮಾಂಸ ತಿನ್ನಲ್ವಾ? ಬಂದಾಗಿಂದ ಎಲೆ, ಸೊಪ್ಪು, ಮುದ್ದೆ. ನಾನೇನು ಮೇಕೆಯಾ?"

"ಕುರಿ ಈಯೋ ಕಾಲ, ಮ್ಮೇ. ಈಗ ಯಾರು ಕುಯ್ತಾರೆ? ಅಂಗಡಿ ಗಾಡಿ ಹಿಮಕ್ಕೆ ಸಿಕ್ಕು ಐದು ವಾರ ಆಯ್ತು. ಮಾಂಸದ ಕನಸು ಬಿದ್ರೆ ಬೆಳಿಗ್ಗೆ ಹೆಂಡ್ತಿಗೆ ಹೇಳ್ತೀನಿ, ಅವಳೂ ಸ್ವಲ್ಪ ಉಣ್ಣಲಿ ಅಂತ."

ಗುರುವಾರ ಮಧ್ಯಾಹ್ನ ನಾನು, ಅತ್ತೆ ತೊರೆಯಲ್ಲಿ ಬಟ್ಟೆ ಒಗೆದು ಏರು ಹತ್ತಿ ಬರುತ್ತಿದ್ದೆವು. ಊರಿನ ಅಂಚಿಗೆ ಬಂದಾಗ ಅತ್ತೆ ನಿಂತಳು.

"ನಮ್ಮ ಮನೆ ಮುಂದೆ ಏನೇ ಅದು ಜನ?"

ಸಾಲು. ಹೆಂಗಸರು, ಮುದುಕರು, ಕಂಬಳಿ ಹೊದ್ದ ಕುರಿಗಾಹಿಗಳು, ಬೆನ್ನಿಗೆ ಕೂಸು ಕಟ್ಟಿಕೊಂಡವರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಬಟ್ಟಲು. ಅವರ ತಲೆಗಳ ಮೇಲೆ, ಫಾಲಾಂಗರ ದೊಡ್ಡಿಯಿಂದ ಕಿತ್ತ ಉದ್ದನೆಯ ಗಳುವಿನ ತುದಿಯಲ್ಲಿ, ಬೆಟ್ಟದ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಾ ನನ್ನ ಕೆಂಪು ಬಾವುಟ.

ನನ್ನ ಕೈಯಿಂದ ಬಟ್ಟೆಯ ಬುಟ್ಟಿ ಬಿತ್ತು.

ನಮ್ಮ ಊರುಗಳಲ್ಲಿ ಮನೆಯ ಮುಂದಿನ ಗಳುವಿಗೆ ಬಿಳಿ ಬಟ್ಟೆ ಏರಿದರೆ ಅಲ್ಲಿ ಜೋಳದ ಹೆಂಡ ಸಿಗುತ್ತದೆ. ಹಸಿರು ಏರಿದರೆ ತರಕಾರಿ. ಕೆಂಪು ಏರಿದರೆ ಮಾಂಸ. ಹಾಲು ಬಿಟ್ಟ ಕೂಸಿಗೂ ಗೊತ್ತಿರುವ ವಿಷಯ. ಆದರೆ ನನ್ನ ಮಗಳು ಬೆಳೆದದ್ದು ಕಾರ್ಖಾನೆಯ ಬೆನ್ನಿಗೆ ಅಂಟಿದ ಸಾಲುಮನೆಯಲ್ಲಿ. ಅಲ್ಲಿ ಎಲ್ಲವೂ ಗೇಟಿನ ಎದುರಿನ ತಗಡಿನ ಅಂಗಡಿಯಲ್ಲೇ. ಅವಳು ಹುಟ್ಟಿದಾಗಿನಿಂದ ಕಂಡ ಕೆಂಪು ಬಾವುಟ ಒಂದೇ, ಅವಳ ಅಮ್ಮ ಹಿಡಿದದ್ದು.

ಲಿನೆಯೋ ಓಡಿಬಂದಳು. ಮುಖವೆಲ್ಲ ಹೊಳೆಯುತ್ತಿತ್ತು. "ಅಮ್ಮಾ, ಇಲ್ಲಿ ಮನೆಗಳೆಲ್ಲ ಒಂದೇ ಥರ, ನನ್ನ ಗೆಳತೀರಿಗೆ ನಮ್ಮನೆ ಗೊತ್ತಾಗ್ಲೇ ಇಲ್ಲ. ಅದಕ್ಕೇ ಗುರುತಿಗೆ ಬಾವುಟ ಕಟ್ಟಿದೆ. ನೋಡು, ಎಲ್ರೂ ಬಂದ್ಬಿಟ್ರು!"

"ಬಂದ್ರು ಕಣೇ, ಬಂದ್ರು," ಎಂದಳು ಅತ್ತೆ. "ನಮ್ಮನ್ನೇ ಕುಯ್ದು ಹಂಚಬೇಕು ಈಗ."

ಸಾಲಿನ ಮೊದಲಿಗರು ನ್ತಾತೆ ಫಾಲಾಂಗ್. ಎರಡು ಬಟ್ಟಲು ತಂದಿದ್ದರು.

"ಪಕ್ಕದ ಮನೇಲಿ ಇದ್ದೂ ನಂಗೊಂದು ಮಾತು ಹೇಳಲಿಲ್ಲವಲ್ಲ, ಮ್ಮೇ! ಯಾವಾಗ ಕುಯ್ದ್ರಿ? ಒಂದು ಕೂಗೂ ಕೇಳಿಸಲಿಲ್ಲ."

"ನಿಮಗೆ ಗುಡುಗೂ ಕೇಳಿಸಲ್ಲ, ಬಿಡಿ," ಎಂದಳು ಅವರ ಹಿಂದಿದ್ದ ಹೆಂಗಸು. "ನಂಗೆ ಪಕ್ಕೆಲುಬು. ನಾನು ಬಸುರಿ, ಮೊದಲು ನಂಗೆ."

"ಪ್ರತಿ ಸಾಲಿನಲ್ಲೂ ನೀನು ಬಸುರಿ!" ಎಂದಿತು ಹಿಂದಿನಿಂದ ಒಂದು ದನಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಲು ಎರಡಾಗಿ ದಾರಿ ಬಿಟ್ಟಿತು. ರಬ್ಬರ್ ಬೂಟಿನ ಸಪ್ಪಳ. ಮೊರೇನಾ ಮಾಖಾಬಾನೆ. ಅವರ ಕೈಯಲ್ಲೂ ನೀಲಿ ಅಂಚಿನ ಒಂದು ಬಟ್ಟಲು.

"ಲಿವರ್ ಇದ್ರೆ ನಂಗಿರಲಮ್ಮ. ವೈದ್ಯರು ತಿನ್ನು ಅಂದಿದ್ದಾರೆ."

"ಯಾವ ವೈದ್ಯರು, ಮೊರೇನಾ?" ಎಂದರು ಫಾಲಾಂಗ್.

"ನಂಗೇ ಗೊತ್ತಿದೆ ಏನು ತಿನ್ಬೇಕು ಅಂತ."

ಆಗ ಶಾಲೆಯ ಕಡೆಯಿಂದ, ತಲೆಯಿಂದ ಕಾಲಿನವರೆಗೆ ಕಲ್ಲಿನ ಪುಡಿ ಮೆತ್ತಿಕೊಂಡ ಮೊಲೆಫಿ ಓಡಿಬಂದ. ಬಾವುಟ ನೋಡಿದ, ಬಟ್ಟಲು ನೋಡಿದ, ನನ್ನನ್ನು ನೋಡಿದ.

"ಒಣಗಕ್ಕೆ ಹಾಕಿದ್ದು!" ಎಂದು ಕೂಗಿದ. "ಬಟ್ಟೆ, ನ್ತಾತೆ! ಒಗೆದ ಬಟ್ಟೆ! ಗಾಳಿಗೆ ಒಣಗಲಿ ಅಂತ…"

"ಗಳುವಿನ ತುದೀಲಾ? ಕೆಳಗಿನವರು ಹೀಗಾ ಒಣಗಿಸೋದು?" ಎಂದರು ಫಾಲಾಂಗ್.

"ಏನೋ ಬರೆದಿದೆಯಲ್ಲ ಅದರ ಮೇಲೆ," ಎಂದ ಒಬ್ಬ ಕುರಿಗಾಹಿ, ಕತ್ತು ಓರೆ ಮಾಡಿ. "ನಾವು… ಸೂಜಿ… ಗಳಲ್ಲ. ಇದು ಯಾವ ಪ್ರಾಣಿ?"

ಜನ ನಕ್ಕರು. ಮೊಲೆಫಿ ನನ್ನ ಕಡೆ ನೋಡಿದ. ಒಣಗಿಸಿದ ಬಟ್ಟೆ ಎಂದು ನಾನೂ ಹೇಳಿದರೆ ಮುಗಿಯಿತು. ಕ್ಷಮೆ ಕೇಳಿ ಇಳಿಸಿಬಿಡಬಹುದು. ಶನಿವಾರಕ್ಕೆ ಎರಡೇ ದಿನ. ಇಡೀ ಸಂಸಾರದ ಸೂರು ನನ್ನ ನಾಲಿಗೆಯ ಮೇಲಿತ್ತು.

"ಒಣಗಿಸಿದ್ದಲ್ಲ ಅದು," ಎಂದಳು ಲಿನೆಯೋ. ಅವಳಿಗೆ ಸಿಟ್ಟು ಬಂದಿತ್ತು. "ನಮ್ಮಮ್ಮನ ಬಾವುಟ. ಅಮ್ಮಾ, ಹೇಳು ಇವರಿಗೆ!"

ಮಗಳ ಎದುರಿಗೆ ಆ ಬಟ್ಟೆಯನ್ನು ಒದ್ದೆ ಚಿಂದಿ ಎಂದು ಕರೆಯಲು ನನ್ನಿಂದಾಗಲಿಲ್ಲ. ಬಾಯಿಯ ಹೊಲಿಗೆ ತಾನಾಗಿ ಬಿಚ್ಚಿಕೊಂಡಿತು.

"ಮಾಂಸ ಇಲ್ಲ," ಎಂದೆ. "ಮೊದಲು ಅದನ್ನ ಹೇಳ್ತೀನಿ, ಬೈಯೋರು ಬೈದುಬಿಡಿ."

ಬೈದರು. ಚೆನ್ನಾಗಿಯೇ ಬೈದರು. ಬಸುರಿ ಎಲ್ಲರಿಗಿಂತ ಚೆನ್ನಾಗಿ ಬೈದಳು. ಮುಗಿಯುವವರೆಗೆ ಕಾದು ಉಳಿದದ್ದನ್ನು ಹೇಳಿದೆ. ಬೀಗದ ಕಥೆ, ಕೀಲಿಯ ಕಥೆ. ಮುಟ್ಟಿನ ದಿನಗಳಲ್ಲೂ ಕೈಯೆತ್ತಿ ಗಂಡಸಿನ ಅಪ್ಪಣೆಗೆ ಕಾದದ್ದು. ಹದಿನಾರು ದಿನ ಈ ಬಟ್ಟೆಯ ಕೆಳಗೆ ನಿಂತದ್ದು. "ನಾನು ಹೊಲಿಗೆಯವಳು ಅಂದಿದ್ದೆ. ಅದು ಅರ್ಧ ನಿಜ. ಉಳಿದರ್ಧ ಮೊರೇನಾ ಅವರ ಕಂಬಳೀಲಿದೆ. ಓದಿಬಿಡಿ, ಮೊರೇನಾ. ಶನಿವಾರದವರೆಗೆ ನಾನು ಬೇರೆ ಯಾರೋ ಆಗಿ ಇರಲಾರೆ."

ಮೊಲೆಫಿ ಕಲ್ಲಿನ ಪುಡಿಯ ಕೈಗಳಲ್ಲಿ ಮುಖ ಮುಚ್ಚಿಕೊಂಡ.

ಮಾಖಾಬಾನೆ ತಮ್ಮ ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟು ಪತ್ರ ಒಡೆದರು. ದೂರ ಹಿಡಿದು, ಗಟ್ಟಿಯಾಗಿ, ಅಕ್ಷರ ಬಿಡಿಸಿ ಓದಿದರು.

"ಈ ಹೆಂಗಸು… ಜನರನ್ನು… ಗುಂಪು ಸೇರಿಸುತ್ತಾಳೆ. ಎಚ್ಚರಿಕೆ."

ತಲೆಯೆತ್ತಿ ಮುಂದಿದ್ದ ಗುಂಪನ್ನು ನೋಡಿದರು. ಗುಂಪು ತನ್ನನ್ನು ತಾನೇ ನೋಡಿಕೊಂಡಿತು. ಆಮೇಲೆ ಎಲ್ಲಿಂದಲೋ ಒಂದು ನಗು ಸಿಡಿಯಿತು, ಅದರ ಹಿಂದೆಯೇ ಇನ್ನೊಂದು. ಬೆನ್ನ ಮೇಲಿನ ಕೂಸುಗಳು ಬೆಚ್ಚಿ ಎದ್ದವು.

"ಏನಂತೆ? ಏನಂತೆ?" ಎನ್ನುತ್ತಿದ್ದರು ಫಾಲಾಂಗ್.

"ಗುಂಪು ಸೇರಿಸ್ತಾಳಂತೆ!" ಎಂದು ಯಾರೋ ಅವರ ಕಿವಿಗೆ ಕಿರುಚಿದರು.

"ನಿಜಾನೇ! ಹನ್ನೊಂದು ವರ್ಷ ನೀವು ಸಭೆ ಕರೆದ್ರಿ, ಮೊರೇನಾ. ಇಷ್ಟು ಜನ ಯಾವತ್ತಾದ್ರೂ ಬಂದಿದ್ರಾ?"

"ಬಂದಿಲ್ಲ," ಎಂದರು ಮೊರೇನಾ. "ನಾನು ದಡ್ಡಿ, ಸಭೆ ಅಂತ ಕರೀತಿದ್ದೆ."

ಎಲ್ಲರೂ ನಗಲಿಲ್ಲ. ಉಣ್ಣೆಯ ಷೆಡ್ಡಿನ ಮೇಸ್ತ್ರಿ ಸೆಂಪೆ ಮುಂದೆ ಬಂದ. "ನಗೋ ವಿಷಯ ಅಲ್ಲ ಇದು. ಇಂಥವರನ್ನ ಊರೊಳಗೆ ಬಿಟ್ಕೊಂಡ್ರೆ ಏನಾಗುತ್ತೆ? ನಾಳೆ ನಮ್ಮ ಷೆಡ್ಡಲ್ಲಿ ಉಣ್ಣೆ ಆರಿಸೋ ಹೆಂಗಸರೂ ಬಾವುಟ ಹಿಡ್ಕೊಂಡು ನಿಲ್ತಾರೆ."

"ಯಾಕೆ, ನಿಲ್ಲಬಾರ್ದಾ?" ಎಂದಳು ಬಸುರಿ. ಸಾಲಿನ ಅರ್ಧದಷ್ಟು ಹೆಂಗಸರು ಸೆಂಪೆಯ ಕಡೆ ತಿರುಗಿದರು. "ಚಳೀಲಿ ನಮ್ಮನ್ನ ಹೊರಗೆ ಕೂರಿಸಿ ನೀನು ಒಳಗೆ ಒಲೆ ಮುಂದೆ ಮೈ ಕಾಯಿಸ್ಕೊಂಡು ಕೂರ್ತೀಯಲ್ಲ, ನ್ತಾತೆ, ಆ ಬೆಂಕಿ ನಿಮ್ಮಪ್ಪಂದಾ?"

"ಅದು ಬೇರೆ ವಿಷಯ…"

"ಬೇರೆ ಏನಿಲ್ಲ. ಅವರದು ಬೀಗ, ನಮ್ಮದು ಒಲೆ." ಅವಳು ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ಹದಿನಾರು ದಿನಾನಾ? ಊಟಕ್ಕೇನು ಮಾಡ್ತಿದ್ರಿ?"

ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೆ, ಎಷ್ಟೋ ಪ್ರಶ್ನೆ ಎದುರಿಸಿದ್ದೆ. ಇಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಅತ್ತೆ ಬೇಯಿಸಿ ಹಾಕ್ತಿದ್ರು. ಒಂದು ಹಂಡೆ ಕಾಳು, ದಿನಾ."

"ಇವತ್ತೂ ಬೇಯಿಸಿದ್ದೀನಿ," ಎಂದಳು ಅತ್ತೆ. "ಶನಿವಾರದವರೆಗೂ ಆಗ್ಲಿ ಅಂತ ದೊಡ್ಡ ಪಾತ್ರೇಲೇ ಇಟ್ಟಿದ್ದೀನಿ. ಶನಿವಾರದ ಕಥೆ ಹೇಗೂ ಮುಗೀತಲ್ಲ."

ಮಾಖಾಬಾನೆ ಪತ್ರ ಮಡಚಿದರು. "ಈ ಊರಲ್ಲೊಂದು ಕಟ್ಟಳೆ ಇದೆ. ಬಾವುಟ ಏರಿದ ಮನೆಯಿಂದ ಬಟ್ಟಲು ಖಾಲಿ ಹೋಗಬಾರ್ದು. ಅದು ನಡೀಲಿ, ಮಿಕ್ಕಿದ್ದು ಆಮೇಲೆ."

ಅತ್ತೆ ಪಾತ್ರೆ ಹೊರಗೆ ತಂದಳು. ಒಬ್ಬರಿಗೆ ಒಂದು ಸೌಟು. ಜನ ಬಂದಂತೆ ಸೌಟು ಮುಕ್ಕಾಲಾಯಿತು, ಆಮೇಲೆ ಅರ್ಧ. ಫಾಲಾಂಗರ ಹೆಂಡತಿ ಮುದ್ದೆ ತಂದರು. ಯಾರೋ ಸೊಪ್ಪು, ಯಾರೋ ಉಪ್ಪು. ಬಿಳಿ ಬಾವುಟದ ಮನೆಯವಳು ಒಂದು ಬಕೆಟ್ ಹೆಂಡವನ್ನೇ ತಲೆಯ ಮೇಲೆ ಹೊತ್ತುಕೊಂಡು ಬಂದಳು. ಗಿರಾಕಿಗಳೆಲ್ಲ ಇಲ್ಲೇ ಇದ್ದಾರೆ, ಅಲ್ಲಿ ಕೂತು ಯಾರ ಮುಖ ನೋಡಲಿ ಎಂದಳು.

"ಈ ಕುರಿಗೆ ಮೂಳೆ ಕಮ್ಮಿ," ಎಂದರು ಫಾಲಾಂಗ್, ಕಾಳು ಅಗಿಯುತ್ತಾ.

"ನಿಮಗೆ ಹಲ್ಲೂ ಕಮ್ಮಿ ಅಂತ ನೋಡಿ ಕುಯ್ದಿದ್ದು," ಎಂದಳು ಅತ್ತೆ.

ಸೆಂಪೆ ದೂರ ನಿಂತಿದ್ದ. ಅತ್ತೆ ಅವನ ಬಟ್ಟಲಿಗೂ ಹಾಕಿದಳು. ಅವನು ತಿಂದ. ಒಪ್ಪಿಕೊಂಡ ಎಂದು ನಾನು ಹೇಳುವುದಿಲ್ಲ. ತಿಂದ, ಅಷ್ಟೇ.

ಬಟ್ಟಲು ಒರೆಸಿ ಇಡುತ್ತಾ ಮೊರೇನಾ ಕೇಳಿದರು: "ಈಗ ಹೇಳಿ. ಪತ್ರ ಕೇಳಿದ್ರಿ, ಹೆಂಗಸನ್ನ ನೋಡಿದ್ರಿ. ಊರು ಏನನ್ನುತ್ತೆ?"

"ಶನಿವಾರ ಅಲ್ವಾ ಸಭೆ?" ಎಂದ ಸೆಂಪೆ.

"ಶನಿವಾರ ನೀನೊಬ್ಬನೇ ಬರ್ತೀಯ," ಎಂದಳು ಬಸುರಿ. "ಈಗ ಎಲ್ರೂ ಇದ್ದೀವಿ. ಇರಲಿ ಅವಳು!"

"ಇರಲಿ!" ಎಂದರು ಉಣ್ಣೆಯ ಹೆಂಗಸರು. "ಇರಲಿ," ಎಂದರು ಕುರಿಗಾಹಿಗಳು, ಕೈಯಲ್ಲಿ ಹೆಂಡ ಹಿಡಿದು. ಫಾಲಾಂಗ್ ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ಇರಲಿ ಎಂದರು. ಬೇಡ ಎಂದದ್ದು ಒಂದೇ ದನಿ. ಅದು ಯಾರದೆಂದು ಹೇಳಬೇಕಿಲ್ಲ.

ಮೊಲೆಫಿ ಮೊರೇನಾರ ಮುಂದೆ ಮೊಣಕಾಲೂರಿ ಧನ್ಯವಾದ ಹೇಳಲು ಹೋದ. ನಾನು ಅವನ ಅಂಗಿ ಹಿಡಿದು ಎಬ್ಬಿಸಿದೆ. ನೆಲ ಭಿಕ್ಷೆಯಲ್ಲ. ಊರು ಕೊಟ್ಟಿದೆ, ನಾವು ಊರಿಗೆ ದುಡಿಯುತ್ತೇವೆ.

ಎಲ್ಲರೂ ಹೊರಟೆವು ಜಾಗ ಗುರುತು ಮಾಡಲು. ಮಾಖಾಬಾನೆ ಕೆಳಗಡೆ, ತೊರೆಯ ಪಕ್ಕದ ಹುಲ್ಲುಗಾವಲು ತೋರಿಸಿದರು.

"ಇದು ಬೇಡ, ಮೊರೇನಾ," ಎಂದೆ.

ಮೊಲೆಫಿ ಕಣ್ಣು ಮುಚ್ಚಿದ.

"ಯಾಕಮ್ಮ ಬೇಡ?"

"ಜೌಗು. ಕಾಲಿಟ್ರೆ ನೀರು ಬರ್ತಿದೆ, ನಿಮ್ಮ ಬೂಟೇ ಹೇಳ್ತಿದೆ. ಮೇಲೆ ದಾರಿ ಪಕ್ಕ ಆ ಇಳಿಜಾರಿದೆಯಲ್ಲ, ಅದು ಕೊಡಿ. ಷೆಡ್ಡಿಂದ ಬರೋ ಹೆಂಗಸರಿಗೂ ಬಟ್ಟೆ ಹೊಲಿಸೋಕೆ ಹತ್ತಿರ ಆಗುತ್ತೆ."

ಮಾಖಾಬಾನೆ ನನ್ನನ್ನು ನೋಡಿದರು. ತಮ್ಮ ಬೂಟು ನೋಡಿಕೊಂಡರು. "ಪತ್ರ ಬರೆದವನು ಪೂರ್ತಿ ಬರೆದಿಲ್ಲ," ಎಂದು ಗೊಣಗಿ ಏರು ಹತ್ತತೊಡಗಿದರು.

ಇಳಿಜಾರಿನ ಮೇಲೆ ಜಾಗ ಅಳೆದರು. ಹೆಜ್ಜೆ ಹಾಕಿದವರು ಫಾಲಾಂಗ್, ಎಣಿಸಿದವರು ನಲವತ್ತು ಜನ, ಲೆಕ್ಕ ತಪ್ಪಿದ್ದು ಮೂರು ಸಲ. ಕೊನೆಗೆ ಮೂಲೆ ಗುರುತಿಗೆ ನಮ್ಮನ್ನೇ ನಿಲ್ಲಿಸಿದರು. ಒಂದು ಮೂಲೆಗೆ ಮೊಲೆಫಿ, ಒಂದಕ್ಕೆ ಲಿನೆಯೋ, ಒಂದಕ್ಕೆ ನಾನು, ನಾಲ್ಕನೆಯದಕ್ಕೆ ಅತ್ತೆ. ಕುರಿಗಾಹಿಗಳು ಕಲ್ಲು ಹೊತ್ತು ತಂದು ಒಂದೊಂದೇ ಮೂಲೆಗೆ ಇಡುತ್ತಾ ಬಂದರು. ಮೊಲೆಫಿಯ ಮೂಲೆಗೆ ಇಟ್ಟರು, ಅವನು ಅದನ್ನು ತಿರುಗಿಸಿ ಸರಿಯಾಗಿ ಕೂರಿಸಿದ. ಲಿನೆಯೋಳ ಮೂಲೆಗೆ ಇಟ್ಟರು, ಅವಳು ಅದರ ಮೇಲೆ ಹತ್ತಿ ಗೆಳತಿಯರನ್ನು ಕೂಗಿದಳು. ನನ್ನ ಮೂಲೆಗೆ ಇಟ್ಟಾಗ ನಾನು ಬಗ್ಗಿ ಆ ಕಲ್ಲನ್ನು ಮುಟ್ಟಿದೆ. ತಣ್ಣಗಿತ್ತು.

ನಾಲ್ಕನೆಯ ಮೂಲೆಯಲ್ಲಿ ಅತ್ತೆ ಕೂತುಬಿಟ್ಟಿದ್ದಳು. ಕಂಬಳಿ ಸುತ್ತ ಹರಡಿಕೊಂಡು, ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು, ಪಾತ್ರೆಯ ತಳದಲ್ಲಿ ಉಳಿದಿದ್ದ ತನ್ನ ಪಾಲು ಕಾಳು ತಿನ್ನುತ್ತಿದ್ದಳು.

"ಅಮ್ಮಾ, ಸ್ವಲ್ಪ ಏಳು," ಎಂದ ಮೊಲೆಫಿ. "ಕಲ್ಲು ಇಡಬೇಕು."

"ಹತ್ತೊಂಬತ್ತು ವರ್ಷ ಬಾಡಿಗೆ ಕೋಣೇಲಿದ್ದೆ. ತಿಂಗಳ ಕೊನೇಲಿ ಏಳು ಅಂದಾಗಲೆಲ್ಲ ಎದ್ದಿದ್ದೀನಿ. ಇವತ್ತು ಏಳಲ್ಲ."

"ಇದು ನಮ್ಮದೇ ಜಾಗಮ್ಮ!"

"ನಮ್ಮದೇ ಅಲ್ವಾ? ಮತ್ತೆ ಯಾಕೆ ಎಬ್ಬಿಸ್ತೀಯ?"

ಕಲ್ಲು ಹೊತ್ತ ಕುರಿಗಾಹಿಯ ತೋಳು ನಡುಗುತ್ತಿತ್ತು. "ಎಲ್ಲಿಡಲಿ, ಮೊರೇನಾ? ಬೇಗ ಹೇಳಿ."

ಮಾಖಾಬಾನೆ ಒಂದು ಗಳಿಗೆ ಅತ್ತೆಯನ್ನೇ ನೋಡಿದರು.

"ಆಚೆ ಪಕ್ಕಕ್ಕಿಡಪ್ಪ," ಎಂದರು. "ಊಟ ಮಾಡೋರನ್ನ ಎಬ್ಬಿಸಬಾರ್ದು."

ಹಾಗಾಗಿ ಆ ಮೂಲೆಯಲ್ಲಿ ನಮ್ಮ ಜಾಗ ಒಂದು ಮೊಳ ಜಾಸ್ತಿ ಇದೆ.